ಕೇಳದೇ ಬಂದ ಹಾಡು

ಹಳೇ ರಾಕ್ ಬ್ಯಾಂಡುಗಳು ಇನ್ನೂ ಲೆಕ್ಕಕ್ಕಿವೆಯಾ ಅನ್ನೋ ಜಗಳ ಮುಗಿಯೋದೇ ಇಲ್ಲ. ಒಬ್ಬರು ಟಿಕೆಟ್ ಮಾರಾಟ ತೋರಿಸುತ್ತಾರೆ, ಇನ್ನೊಬ್ಬರು ಗಾಯಕನ ವಯಸ್ಸು ತೋರಿಸುತ್ತಾರೆ. ಇಬ್ಬರೂ ಒಂದೇ ವಿಷಯ ಮಾತಾಡ್ತಿಲ್ಲ ಅಂತ ನನಗೆ ಅನ್ನಿಸುತ್ತೆ. ಐರ್ಲೆಂಡಿನ ಯೂಟೂ ಬ್ಯಾಂಡನ್ನೇ ಹಿಡಿದು ನೋಡೋಣ. ಬಳ್ಳಾರಿಯಲ್ಲಿ ಕೂತವನಿಗೆ ಐರ್ಲೆಂಡಿನ ಉಸಾಬರಿ ಯಾಕೆ ಅಂತೀರಾ? ಆ ಜಗಳದ ಒಂದು ತುಣುಕು ನನ್ನ ಅಂಗಡಿ ಕೌಂಟರಿಗೇ ಬಂದಿತ್ತು, ಅದಕ್ಕೆ.

ಹಿಂದಿನದ್ದು ಬೇಗ ಹೇಳಿ ಮುಗಿಸ್ತೀನಿ. 1976ರಲ್ಲಿ ಡಬ್ಲಿನ್‌ನ ಶಾಲೆಯೊಂದರ ನೋಟಿಸ್ ಬೋರ್ಡಿಗೆ ಲ್ಯಾರಿ ಮಲೆನ್ ಅನ್ನೋ ಹುಡುಗ ಬ್ಯಾಂಡ್ ಕಟ್ಟೋಕೆ ಜನ ಬೇಕು ಅಂತ ಚೀಟಿ ಹಾಕಿದ. ಹಾಡೋ ಬೋನೋ, ಗಿಟಾರ್ ನುಡಿಸೋ ಎಡ್ಜ್, ಬೇಸ್ ಗಿಟಾರಿನ ಆಡಮ್ ಕ್ಲೇಟನ್ ಸೇರಿಕೊಂಡರು. 1987ರ 'ದಿ ಜೋಶುವಾ ಟ್ರೀ' ಆಲ್ಬಮ್ ಅವರನ್ನು ಜಗತ್ತಿಗೆಲ್ಲ ಮುಟ್ಟಿಸಿತು. 1991ರ 'ಆಕ್ಟುಂಗ್ ಬೇಬಿ'ಯಲ್ಲಿ ತಮ್ಮನ್ನು ಗೆಲ್ಲಿಸಿದ ಸದ್ದನ್ನೇ ಪಕ್ಕಕ್ಕಿಟ್ಟು ಬೇರೆ ದಾರಿ ಹಿಡಿದರು. 1997ರಲ್ಲಿ ದೈತ್ಯ ನಿಂಬೆಹಣ್ಣಿನೊಳಗಿಂದ ವೇದಿಕೆಗೆ ಇಳಿಯೋ ಐಡಿಯಾ ಮಾಡಿ, ಒಂದು ಸಲ ಅದರೊಳಗೇ ಸಿಕ್ಕಿಹಾಕಿಕೊಂಡರು. 2000ದಲ್ಲಿ 'ಬ್ಯೂಟಿಫುಲ್ ಡೇ' ಹಾಡಿ ಮತ್ತೆ ಎದ್ದರು. 2009ರಿಂದ 2011ರವರೆಗಿನ 110 ಕಾರ್ಯಕ್ರಮಗಳ ಪ್ರವಾಸಕ್ಕೆ 73 ಕೋಟಿ ಡಾಲರಿಗೂ ಜಾಸ್ತಿ ಗಳಿಕೆ, ಆ ಕಾಲಕ್ಕೆ ಅದೇ ದಾಖಲೆ. ಆದರೆ 2009ರ ಹೊಸ ಆಲ್ಬಮ್ಮಿನ ಒಂದು ಹಾಡಾದರೂ ಇವತ್ತು ಯಾರ ಬಾಯಲ್ಲಾದರೂ ಇದೆಯಾ? ನನ್ನ ಬಾಯಲ್ಲಂತೂ ಇಲ್ಲ.

ಆಮೇಲೆ ಬಂತು 2014. ಸೆಪ್ಟೆಂಬರ್ 9ರಂದು ಹೊಸ ಐಫೋನ್ ಬಿಡುಗಡೆಯ ವೇದಿಕೆಯಲ್ಲಿ ಬ್ಯಾಂಡ್ ಹಾಡಿತು. ಅವತ್ತೇ 'ಸಾಂಗ್ಸ್ ಆಫ್ ಇನ್ನೊಸೆನ್ಸ್' ಅನ್ನೋ ಇಡೀ ಆಲ್ಬಮ್ ಐಫೋನ್ ಮಾಡೋ ಆಪಲ್ ಕಂಪನಿಯ ಹಾಡಿನ ಅಂಗಡಿ ಐಟ್ಯೂನ್ಸ್‌ನ ಸುಮಾರು 50 ಕೋಟಿ ಖಾತೆಗಳಿಗೆ ಉಚಿತವಾಗಿ ಸೇರಿತು. ಬೇಕಾ ಅಂತ ಯಾರನ್ನೂ ಕೇಳಿರಲಿಲ್ಲ.

ಆಗ ನಾನು ಕೌಲ್ ಬಜಾರ್‌ನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೆ. ಊರಲ್ಲಿ ಐಫೋನ್ ಕಮ್ಮಿ, ಇದ್ದವು ಹೆಚ್ಚಾಗಿ ಗಣಿ ಜೋರಿದ್ದಾಗ ಕೊಂಡವು. ಜೀನ್ಸ್ ಹೊಲಿಸೋ ಯಜಮಾನರೊಬ್ಬರು ಬಂದರು. "ತಮ್ಮಾ, ವೈರಸ್ ಬಂದೈತೇನು ನೋಡು. ನಾನು ಹಾಕದಿರೋ ಹಾಡು ಬಂದು ಕುಂತಾವ." ನೋಡಿದೆ. ನನಗೆ ಒಳಗೊಳಗೇ ಖುಷಿ, ಹೊಸ ಯೂಟೂ ಅಲ್ವಾ! "ವೈರಸ್ ಅಲ್ಲ ಯಜಮಾನ್ರೆ, ಭಾಳ ದೊಡ್ಡ ಬ್ಯಾಂಡ್ ಇದು" ಅಂದೆ. ಅವರು ಚಶ್ಮಾ ಏರಿಸಿ ಕೇಳಿದರು: "ದೊಡ್ಡವರಾದ್ರೆ ಪುಕ್ಕಟೆ ಯಾಕ ಕೊಡ್ತಾರ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ನೋಡಿದರೆ ಸೋಲು ಅನ್ನೋಕಾಗಲ್ಲ. ಒಂದು ತಿಂಗಳಲ್ಲಿ 8.1 ಕೋಟಿ ಜನ ಹಾಡು ಕೇಳಿದ್ದಾರೆ, 2.6 ಕೋಟಿ ಜನ ಇಡೀ ಆಲ್ಬಮ್ ಇಳಿಸಿಕೊಂಡಿದ್ದಾರೆ ಅಂತ ಆಪಲ್ ಹೇಳಿತು. ಆದರೆ ವಾರದೊಳಗೇ ಆಲ್ಬಮ್ ಅಳಿಸೋಕೆ ಅಂತಲೇ ಒಂದು ಪುಟ ತೆರೆಯಬೇಕಾಯಿತು, ಅಕ್ಟೋಬರಿನಲ್ಲಿ ಬೋನೋ ಕ್ಷಮೆಯನ್ನೂ ಕೇಳಿದರು. ಮದುವೆ ಕಾರ್ಡು ಬಾಗಿಲಲ್ಲಿ ಕೊಟ್ಟರೆ ಚಂದ. ಸೀದಾ ಒಳಗೆ ಬಂದು ದೇವರ ಗೂಡಿನಲ್ಲಿ ಇಟ್ಟು ಹೋದರೆ? ಐಡಿಯಾ ಯಾರದು ಅಂತ ಕೆದಕಿ ಪ್ರಯೋಜನವಿಲ್ಲ. ಸಿಡಿ ಮಾರಾಟ ಬಿದ್ದುಹೋಗಿತ್ತು, ಸ್ಟ್ರೀಮಿಂಗ್ ಇನ್ನೂ ಕಾಲೂರಿರಲಿಲ್ಲ, ಹಾಡನ್ನು ಜನರಿಗೆ ಮುಟ್ಟಿಸೋದು ಹೇಗೆ ಅಂತ ಎಲ್ಲರೂ ಕತ್ತಲಲ್ಲೇ ತಡಕಾಡುತ್ತಿದ್ದರು. ಆದರೆ ಒಂದು ತಲೆಮಾರಿನ ಎಷ್ಟೋ ಹುಡುಗರಿಗೆ ಯೂಟೂ ಪರಿಚಯವಾಗಿದ್ದೇ ಅಳಿಸಬೇಕಾದ ಫೈಲ್ ಆಗಿ.

ಅಲ್ಲಿಂದ ಬ್ಯಾಂಡ್ ಹಿಂದಕ್ಕೆ ತಿರುಗಿತು. 2017ರಲ್ಲಿ 'ಜೋಶುವಾ ಟ್ರೀ'ಗೆ 30 ವರ್ಷ ತುಂಬಿತು ಅಂತ ಅದನ್ನೇ ಪೂರ್ತಿ ನುಡಿಸುತ್ತಾ ಪ್ರವಾಸ ಹೊರಟರು, 2019ರ ಡಿಸೆಂಬರಿನಲ್ಲಿ ಅದೇ ಪ್ರವಾಸ ಮುಂಬೈಗೂ ಬಂತು. 2023ರಲ್ಲಿ ಲಾಸ್ ವೇಗಸ್‌ನ ಸ್ಫಿಯರ್ ಅನ್ನೋ ಗುಂಡು ಕಟ್ಟಡದಲ್ಲಿ ಶುರುವಾದ 40 ಕಾರ್ಯಕ್ರಮಗಳಲ್ಲೂ ಮುಖ್ಯ ಸರಕು 1991ರ ಆಲ್ಬಮ್ಮೇ. ಪರದೆ ಹೊಸದು, ಹಾಡು ಹಳೇದು. ಜನ ಮುಗಿಬಿದ್ದರು ನಿಜ, ಆದರೆ ಜಾತ್ರೆಗೆ ಜನ ಸೇರೋದು ಬೇರೆ, ಮನೆಗೆ ಹೋಗಿ ಆ ಹಾಡು ಗುನುಗೋದು ಬೇರೆ.

ಹಾಗಂತ ಪ್ರಭಾವ ಸತ್ತಿದೆಯಾ? ಇಲ್ಲ, ಅದು ಟಿಕೆಟ್ ಕೌಂಟರಿನಲ್ಲಿ ಸಿಗಲ್ಲ ಅಷ್ಟೇ. ಎಡ್ಜ್ ಗಿಟಾರಿಗೆ ಡಿಲೇ ಅನ್ನೋ ಪೆಡಲ್ ಹಾಕುತ್ತಾರೆ. ಒಂದು ಸಲ ಮೀಟಿದ್ದು ಪ್ರತಿಧ್ವನಿಯಾಗಿ ಮತ್ತೆ ಮತ್ತೆ ಬರುತ್ತೆ, ಅದರ ಸಂದಿನಲ್ಲಿ ಮುಂದಿನ ಸ್ವರ ಮೀಟಿದರೆ ಒಬ್ಬರೇ ನುಡಿಸಿದರೂ ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. ಈ ಸದ್ದು ಕೋಲ್ಡ್‌ಪ್ಲೇ ಬ್ಯಾಂಡಿನ ಹಾಡುಗಳಲ್ಲಿದೆ, ಅದಕ್ಕಿಂತ ಜಾಸ್ತಿ ಲೋಕದ ಮೂಲೆಮೂಲೆಯ ಚರ್ಚ್ ಹಾಡುಗಳಲ್ಲಿದೆ.

ಹೋದ ಕ್ರಿಸ್‌ಮಸ್‌ಗೆ ನಮ್ಮ ಬಜಾರಿನ ಒಂದು ಚರ್ಚ್ ಮುಂದೆ ಹೋಗುತ್ತಿದ್ದೆ. ಒಳಗೆ ಹುಡುಗರು ತೆಲುಗು, ಕನ್ನಡ ಭಜನೆಗೆ ತಯಾರಿ ನಡೆಸಿದ್ದರು. ಗಿಟಾರ್ ಕೇಳಿ ಕಾಲು ನಿಂತವು. ಅದೇ ಮೀಟು, ಅದೇ ಪ್ರತಿಧ್ವನಿ. ಒಳಗೆ ಹೋಗಿ ಆ ಹುಡುಗನನ್ನು ಕೇಳಿದೆ, "ಇದು ಯೂಟೂದು ಅಲ್ವಾ?"

"ಹೌದಣ್ಣ, ಯೂಟ್ಯೂಬ್‌ದೇ" ಅಂದ, "ಅದ್ರಾಗೇ ನೋಡಿ ಕಲ್ತಿದ್ದು."