ಇಂಗ್ಲಿಷ್ ಕಲಿಯುವ ಮಗುವಿಗೆ ಇಂಗ್ಲೆಂಡಿನ ಹಬ್ಬಗಳೂ ಗೊತ್ತಿರಬೇಕಾ?

ಪ್ರಶ್ನೆ: ನನ್ನ ಮಗಳು ಮೂರನೇ ಕ್ಲಾಸು. ಇಂಗ್ಲಿಷ್ ಚೆನ್ನಾಗಿಯೇ ಓದುತ್ತಾಳೆ. ಆದರೆ ಕಥೆಪುಸ್ತಕದಲ್ಲಿ ಬಾನ್‌ಫೈರ್ ನೈಟ್, ಪ್ಯಾನ್‌ಕೇಕ್ ಡೇ ಅಂತೆಲ್ಲ ಬಂದರೆ ನನಗೇ ತಿಳಿಯುವುದಿಲ್ಲ. ಇದನ್ನೆಲ್ಲ ಹೇಳಿಕೊಡಲೇಬೇಕಾ? ಬರೀ ಭಾಷೆ ಕಲಿತರೆ ಸಾಲದಾ?

ಉತ್ತರ: ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ನನ್ನನ್ನು ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಹೇಳಿಕೊಡಿ ಅಂತಲೇ ನನ್ನ ಉತ್ತರ. ಆದರೆ ಹಬ್ಬಗಳ ಪಟ್ಟಿ ಮಾಡಿ ತಾರೀಕು ಬಾಯಿಪಾಠ ಮಾಡಿಸಬೇಡಿ. ವರ್ಷಕ್ಕೆ ಎರಡು ಮೂರು ಹಬ್ಬ ಸಾಕು. ಆ ಎರಡು ಮೂರರ ಒಳಗೆ ಮಾತ್ರ ಚೆನ್ನಾಗಿ ಇಳಿಯಿರಿ. ಎಷ್ಟೋ ಮಾತುಗಳ ಹುಟ್ಟೂರು ಅಲ್ಲೇ ಇರುತ್ತದೆ.

ಬಾನ್‌ಫೈರ್ ನೈಟನ್ನೇ ತೆಗೆದುಕೊಳ್ಳಿ. ನವೆಂಬರ್ 5ರ ರಾತ್ರಿ ಇಂಗ್ಲೆಂಡಿನ ಊರೂರಲ್ಲಿ ದೊಡ್ಡ ಬೆಂಕಿ ಹಾಕಿ ಪಟಾಕಿ ಹಚ್ಚುತ್ತಾರೆ. ಯಾಕೆ ಅನ್ನುವುದಕ್ಕೆ ಒಂದು ಕಥೆ ಇದೆ. 1605ರಲ್ಲಿ ಅಲ್ಲಿನ ರಾಜ ಒಂದನೇ ಜೇಮ್ಸ್. ಆಗ ಕ್ಯಾಥೊಲಿಕ್ ಪಂಥದವರಿಗೆ ಬಹಳ ಕಿರುಕುಳ ಇತ್ತು. ಸಿಟ್ಟಿಗೆದ್ದ ಕೆಲವರು, ರಾಜ ಪಾರ್ಲಿಮೆಂಟಿಗೆ ಬರುವ ದಿನವೇ ಕಟ್ಟಡವನ್ನು ಸಿಡಿಸಿಬಿಡುವ ಸಂಚು ಮಾಡಿದರು. ಅವರ ಮುಖಂಡ ರಾಬರ್ಟ್ ಕೇಟ್ಸ್‌ಬಿ. ಮದ್ದಿಗೆ ಬೆಂಕಿ ಇಡುವ ಕೆಲಸ ಗೈ ಫಾಕ್ಸ್ ಎಂಬ ಸೈನಿಕನದು. ಹೆಸರಿಲ್ಲದ ಒಂದು ಪತ್ರದಿಂದ ಸುಳಿವು ಸಿಕ್ಕಿತು. ಕಟ್ಟಡದ ಕೆಳಗೆ 36 ಪೀಪಾಯಿ ಮದ್ದಿನ ಜೊತೆ ಫಾಕ್ಸ್ ಸಿಕ್ಕಿಬಿದ್ದ. ರಾಜ ಉಳಿದ ಅಂತ ಜನ ಬೆಂಕಿ ಹಾಕಿ ಕುಣಿದರು. ನಾಲ್ಕು ನೂರು ವರ್ಷ ಕಳೆದರೂ ಆ ಬೆಂಕಿ ನಿಂತಿಲ್ಲ. ಇವತ್ತಿಗೂ ಪಾರ್ಲಿಮೆಂಟಿನ ಅಧಿವೇಶನ ಶುರುವಾಗುವ ಮುಂಚೆ ರಾಜನ ಕಾವಲುಗಾರರು ಲಾಟೀನು ಹಿಡಿದು ನೆಲಮಾಳಿಗೆ ಹುಡುಕುವ ಶಾಸ್ತ್ರ ಇದೆ. ಮಕ್ಕಳಿಗೆ ಇದನ್ನು ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾರೆ.

ಈಗ ಮಾತಿಗೆ ಬರೋಣ. ಹಳೆ ಬಟ್ಟೆಗೆ ಹುಲ್ಲು ತುಂಬಿ ಗೈ ಫಾಕ್ಸನ ಗೊಂಬೆ ಮಾಡಿ ಬೆಂಕಿಗೆ ಹಾಕುತ್ತಿದ್ದರು. ಆ ಗೊಂಬೆಯ ಹೆಸರೇ ಗೈ. ಆಮೇಲೆ ಹರಕಲು ಬಟ್ಟೆ ಹಾಕಿಕೊಂಡವರನ್ನೆಲ್ಲ ಗೈ ಅನ್ನತೊಡಗಿದರು. ಅಮೆರಿಕದಲ್ಲಿ ಅದು ಯಾವ ಗಂಡಸಿಗಾದರೂ ಹೇಳುವ ಮಾತಾಯಿತು. ನಿಮ್ಮ ಮಗಳು ಟಿವಿಯಲ್ಲಿ ದಿನಾ ಕೇಳುವ ‘ಹಾಯ್ ಗೈಸ್’ ಇದೆಯಲ್ಲ, ಅದರ ಮೂಲ ಇದೇ ಮನುಷ್ಯ.

ಇದನ್ನು ಹೇಳುವಾಗ ನನಗೆ ಉತ್ತರ ಕರ್ನಾಟಕದ ಕಾಮಣ್ಣನ ಹಬ್ಬ ನೆನಪಾಗುತ್ತದೆ. ಹುಡುಗರು ಮನೆಮನೆ ತಿರುಗಿ ಕಟ್ಟಿಗೆ, ಕುಳ್ಳು ಕೂಡಿಸುತ್ತಾರಲ್ವಾ? ಇಂಗ್ಲೆಂಡಿನ ಹುಡುಗರೂ ತಾವು ಮಾಡಿದ ಗೊಂಬೆಯನ್ನು ಬೀದಿಯಲ್ಲಿ ಕೂರಿಸಿಕೊಂಡು ‘ಗೈಗೆ ಒಂದು ಪೆನ್ನಿ’ ಅಂತ ಕಾಸು ಕೇಳುತ್ತಿದ್ದರು. ಈಗ ಆ ಪದ್ಧತಿ ಕಡಿಮೆಯಾಗಿದೆ. ಕಾಮಣ್ಣನನ್ನು ಸುಟ್ಟಿದ್ದನ್ನು ನೋಡಿದ ಮಗುವಿಗೆ ಬಾನ್‌ಫೈರ್ ಅಂದರೇನು ಅಂತ ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಾನ್‌ಫೈರ್ ನೈಟಿನ ಹಿಂದೆ ಕ್ಯಾಥೊಲಿಕ್, ಪ್ರಾಟೆಸ್ಟಂಟ್ ಎಂಬ ಎರಡು ಕ್ರೈಸ್ತ ಪಂಥಗಳ ಜಗಳ ಇತ್ತು ಎನ್ನುವುದನ್ನು ಮುಚ್ಚಿಡಬೇಡಿ. ಫಾಕ್ಸ್ ಓದಿದ್ದು ಯಾರ್ಕ್ ನಗರದ ಸೇಂಟ್ ಪೀಟರ್ಸ್ ಶಾಲೆಯಲ್ಲಿ. ತಮ್ಮ ಹಳೆಯ ವಿದ್ಯಾರ್ಥಿ ಅಂತ ಅಲ್ಲಿ ಅವನ ಗೊಂಬೆಯನ್ನು ಸುಡುವುದಿಲ್ಲ. ನನಗೆ ಬಹಳ ಇಷ್ಟವಾದ ಸಂಗತಿ ಇದು.

ಪ್ಯಾನ್‌ಕೇಕ್ ಡೇ ಅಡುಗೆಮನೆಯಲ್ಲೇ ಆಗಿಹೋಗುತ್ತದೆ. ಈಸ್ಟರಿಗೆ ಮುಂಚೆ ಕ್ರೈಸ್ತರಿಗೆ 40 ದಿನದ ವ್ರತ. ಹಿಂದೆ ಆ ದಿನಗಳಲ್ಲಿ ಮೊಟ್ಟೆ, ಬೆಣ್ಣೆ ಮುಟ್ಟುತ್ತಿರಲಿಲ್ಲ. ಹಾಗಾಗಿ ವ್ರತದ ಹಿಂದಿನ ದಿನ, ಮಂಗಳವಾರ, ಮನೆಯಲ್ಲಿ ಉಳಿದದ್ದನ್ನೆಲ್ಲ ಹಿಟ್ಟಿಗೆ ಹಾಕಿ ಹುಯ್ದು ಮುಗಿಸುತ್ತಿದ್ದರು. ಇಲ್ಲೊಂದು ವಿಷಯ ಗಮನಿಸಿ. ಇಂಟರ್‌ನೆಟ್ಟಿನಲ್ಲಿ ಕಾಣುವ ದಪ್ಪ ಪ್ಯಾನ್‌ಕೇಕ್ ಅಮೆರಿಕದ್ದು. ಇಂಗ್ಲೆಂಡಿನದು ನಮ್ಮ ದೋಸೆಯ ಹಾಗೆ ತೆಳ್ಳಗೆ. ಮೇಲೆ ಸಕ್ಕರೆ ಉದುರಿಸಿ ನಿಂಬೆರಸ ಹಿಂಡುತ್ತಾರೆ. ಮೊಟ್ಟೆ ತಿನ್ನದ ಮನೆಯಾದರೆ ತೆಳ್ಳಗಿನ ಗೋಧಿ ದೋಸೆಗೆ ಇದನ್ನೇ ಹಾಕಿ ಕೊಡಿ. ಕಲಸು, ಹುಯ್ಯಿ, ಮಗುಚು, ಹಿಂಡು ಅನ್ನುವ ಇಂಗ್ಲಿಷ್ ಮಾತುಗಳನ್ನು ಕೆಲಸ ಮಾಡುತ್ತಾ ಹೇಳಿ. ವರ್ಕ್‌ಬುಕ್ಕಿನಲ್ಲಿ ಹತ್ತು ಸಲ ಬರೆದರೂ ಕೂರದ ಕ್ರಿಯಾಪದ ಕೈಗೆ ಹಿಟ್ಟು ಹತ್ತಿದಾಗ ಕೂತುಬಿಡುತ್ತದೆ. ಓಲ್ನಿ ಎಂಬ ಊರಿನಲ್ಲಿ ಆ ದಿನ ಹೆಂಗಸರು ಬಾಣಲೆ ಹಿಡಿದು ಓಡುವ ಪಂದ್ಯ ನಡೆಯುತ್ತದೆ. ಚರ್ಚಿನ ಗಂಟೆ ಕೇಳಿ ಒಬ್ಬಾಕೆ ಬಾಣಲೆ ಸಮೇತ ಓಡಿಹೋದಳಂತೆ, 1445ರಲ್ಲಿ. ಅದರಿಂದ ಈ ಓಟ ಶುರುವಾಯಿತು ಅಂತ ಊರವರ ನಂಬಿಕೆ.

ಮೇ ತಿಂಗಳ ಮೇಪೋಲ್ ಕುಣಿತಕ್ಕೆ ವಿವರಣೆಯೇ ಬೇಡ. ಕಂಬದ ತುದಿಗೆ ಕಟ್ಟಿದ ಬಣ್ಣದ ಪಟ್ಟಿಗಳನ್ನು ಹಿಡಿದು ಸುತ್ತುತ್ತಾ ಹೆಣೆಯುತ್ತಾರೆ, ತಿರುಗಿ ಕುಣಿದು ಬಿಚ್ಚುತ್ತಾರೆ. ನಮ್ಮ ಜಡೆ ಕೋಲಾಟದ ವಿಡಿಯೋ ತೋರಿಸಿ, ಆಮೇಲೆ ಅದನ್ನು ತೋರಿಸಿ.

ಹಬ್ಬಕ್ಕಿಂತ ದೊಡ್ಡದು ದಿನನಿತ್ಯದ ರೂಢಿ. ಇಲ್ಲಿ ನಾವು ಹಿರಿಯರು ಎಡವುವುದು ಜಾಸ್ತಿ. ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ‘ನೀರು ಕೊಡಿ’ ಅಂದರೆ ಮುಗಿಯಿತು, ಅದು ವಿನಯವೇ. ಅದನ್ನೇ ಹಾಗೇ ಇಂಗ್ಲಿಷಿಗೆ ತಂದರೆ ‘ಗಿವ್ ಮಿ ವಾಟರ್’ ಆಗುತ್ತದೆ. ಮಗು ವಿನಯದಿಂದಲೇ ಕೇಳಿರುತ್ತದೆ, ಕೇಳಿದವರಿಗೆ ಅಪ್ಪಣೆ ಕೊಟ್ಟ ಹಾಗಿರುತ್ತದೆ. ಇಂಗ್ಲಿಷಿನಲ್ಲಿ ಕೊಡು, ಕೊಡಿ ಎರಡೂ ಒಂದೇ. ಆದ್ದರಿಂದ ಪ್ಲೀಸ್, ಥ್ಯಾಂಕ್ ಯೂ ಅನ್ನುವ ಮಾತುಗಳೇ ಆ ಭಾರ ಹೊರಬೇಕು. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ‘ಪ್ಲೀಸ್ ಅನ್ನು’ ಅಂತ ಸುಮ್ನೆ ಗದರಿಸಿದರೆ ತಮ್ಮ ಭಾಷೆಯಲ್ಲೇ ಮರ್ಯಾದೆ ಇಲ್ಲವೇನೋ ಅಂದುಕೊಳ್ಳುತ್ತಾರೆ. ಹಾಗಾಗಬಾರದು.

‘ಯೂ ಆಲ್ ರೈಟ್?’ ಅಂತ ಯಾರಾದರೂ ಕೇಳಿದರೆ ಅದು ಬರೀ ನಮಸ್ಕಾರ. ನಾವು ‘ಊಟ ಆಯ್ತಾ?’ ಅನ್ನುವುದಿಲ್ಲವಾ, ಹಾಗೆ. ಉತ್ತರ ಇಂಗ್ಲೆಂಡಿನಲ್ಲಿ ಟೀ ಅಂದರೆ ಎಷ್ಟೋ ಮನೆಗಳಲ್ಲಿ ಸಂಜೆಯ ಊಟ. ಇಂಥವನ್ನು ಕಥೆಯಲ್ಲಿ ಬಂದಾಗ ಹೇಳಿದರೆ ಸಾಕು.

ಸ್ಕಾಟ್ಲೆಂಡ್, ವೇಲ್ಸ್ ಬೇರೆ, ಇಂಗ್ಲೆಂಡ್ ಬೇರೆ ಅನ್ನುವುದನ್ನು ಮಾತ್ರ ಮೊದಲೇ ಹೇಳಿಬಿಡಿ. ಸ್ಕಾಟ್ಲೆಂಡಿನವರನ್ನು ಇಂಗ್ಲಿಷರು ಅನ್ನುವುದು ನಮ್ಮನ್ನೆಲ್ಲ ಮದ್ರಾಸಿ ಅಂದ ಹಾಗೆ. ಇಂಗ್ಲೆಂಡ್ ಅಂದರೆ ಬಿಳಿಯರ ಹಬ್ಬ ಮಾತ್ರ ಅಂತಲೂ ಮಕ್ಕಳ ತಲೆಯಲ್ಲಿ ಕೂರಿಸಬೇಡಿ. ಲೆಸ್ಟರ್ ನಗರದ ಬೆಲ್‌ಗ್ರೇವ್ ರೋಡಿನಲ್ಲಿ ದೀಪಾವಳಿಗೆ ಸಾವಿರಾರು ಜನ ಸೇರುತ್ತಾರೆ. ಅದೂ ಇವತ್ತಿನ ಇಂಗ್ಲೆಂಡೇ.

ನಮ್ಮ ಹಬ್ಬ ಮರೆತುಹೋಗುತ್ತದಾ ಅನ್ನುವ ಹೆದರಿಕೆ ಅನೇಕ ಅಪ್ಪ ಅಮ್ಮಂದಿರಿಗಿದೆ. ನನ್ನ ಅನುಭವ ಬೇರೆ. ಬೇರೆಯವರ ಹಬ್ಬದ ಬಗ್ಗೆ ಕೇಳಿದ ಮಗು ಮನೆಗೆ ಹೋಗಿ ಅಜ್ಜಿಯನ್ನು ಕೇಳುತ್ತದೆ, ‘ನಾವು ಇದನ್ನು ಯಾಕೆ ಮಾಡ್ತೀವಿ?’ ಅದಕ್ಕೇ ಪ್ರತಿ ಹಬ್ಬದ ಕಥೆ ಆದಮೇಲೆ ನಾನೊಂದು ಕೆಲಸ ಕೊಡುತ್ತೇನೆ. ಇಂಗ್ಲೆಂಡಿನ ಒಂದು ಮಗುವಿಗೆ ಯುಗಾದಿಯ ಬಗ್ಗೆ ಐದು ಸಾಲು ಇಂಗ್ಲಿಷಿನಲ್ಲಿ ಹೇಳಬೇಕು. ಬೆಲ್ಲಕ್ಕೆ ಏನನ್ನಬೇಕು, ಬೇವಿಗೆ ಏನನ್ನಬೇಕು ಅಂತ ಮಕ್ಕಳು ತಾವೇ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಮಗಳಿಗೂ ಇದನ್ನು ಕೊಟ್ಟು ನೋಡಿ. ಹೇಳುವಾಗ ನಡುವೆ ತಿದ್ದಬೇಡಿ.