ಕೊಯ್ಯುವುದು ಹೊಟ್ಟೆ, ಕಾಯಬೇಕಾದ್ದು ಉಸಿರು

ಹೊಟ್ಟೆಯ ಆಪರೇಷನ್ ಅಂದರೆ ಎಲ್ಲರ ಕಣ್ಣೂ ಹೊಲಿಗೆಯ ಮೇಲೆ. ಗಾಯ ಮಾಯಿತಾ, ಗಂಜಿ ಯಾವಾಗ ಕೊಡಬಹುದು, ಕೇಳುವುದೆಲ್ಲ ಇದೇ. ಆದರೆ ಹೊಟ್ಟೆಯ ಮೇಲ್ಭಾಗ ಕೊಯ್ದು ಮಾಡುವ ದೊಡ್ಡ ಆಪರೇಷನ್ ಆದಮೇಲೆ ಜಾಸ್ತಿ ಕಾಡುವ ತೊಂದರೆಗಳಲ್ಲಿ ಶ್ವಾಸಕೋಶದ್ದೂ ಒಂದು. ಹೊಟ್ಟೆ ಕೊಯ್ದರೆ ನ್ಯುಮೋನಿಯಾ ಯಾಕೆ ಬರಬೇಕು?

ಅರಿವಳಿಕೆ ಕೊಟ್ಟ ಕೆಲವೇ ನಿಮಿಷಗಳಲ್ಲಿ ವಪೆ, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು, ಸಡಿಲಾಗಿ ಎದೆಯ ಕಡೆಗೆ ಸರಿಯುತ್ತದೆ. ಶ್ವಾಸಕೋಶದ ಬೆನ್ನಿನ ಭಾಗದ ಗಾಳಿಗೂಡುಗಳು ಒದ್ದೆ ಪ್ಲಾಸ್ಟಿಕ್ ಚೀಲದ ಹಾಗೆ ಮುಚ್ಚಿ ಅಂಟಿಕೊಳ್ಳುತ್ತವೆ. ಹತ್ತರಲ್ಲಿ ಸುಮಾರು ಒಂಬತ್ತು ಜನರಿಗೆ ಸ್ವಲ್ಪವಾದರೂ ಹೀಗಾಗುತ್ತದೆ. ಎಚ್ಚರವಾದ ಮೇಲೆ ಗಾಯದ ನೋವು. ಆಳವಾಗಿ ಉಸಿರೆಳೆದರೆ ನೋವು, ಕೆಮ್ಮಿದರೆ ಇನ್ನೂ ನೋವು. ಹಾಗಾಗಿ ಮೇಲೆಮೇಲೆ ಉಸಿರಾಡುತ್ತಾ ಸುಮ್ನೆ ಮಲಗಿಬಿಡುತ್ತೇವೆ. ಕಫ ಅಲ್ಲೇ ನಿಲ್ಲುತ್ತದೆ, ಸೋಂಕಿಗೆ ದಾರಿಯಾಗುತ್ತದೆ.

ಇದನ್ನು ತಡೆಯುವ ಉಸಿರಾಟದ ವ್ಯಾಯಾಮ ಹೊಸದೇನಲ್ಲ. ಯಾವಾಗ ಕಲಿಸಬೇಕು ಅನ್ನುವುದೇ ಮುಖ್ಯ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇಯಾಂಥೆ ಬೋಡನ್ ಮತ್ತು ಸಂಗಡಿಗರು 441 ರೋಗಿಗಳ ಮೇಲೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಬರೀ ಮಾಹಿತಿ ಪುಸ್ತಿಕೆ. ಉಳಿದವರಿಗೆ ಪುಸ್ತಿಕೆಯ ಜೊತೆ, ಆಪರೇಷನ್‌ಗೆ ಮೊದಲೇ, ಫಿಸಿಯೋಥೆರಪಿಸ್ಟ್ ಜೊತೆ ಅರ್ಧ ಗಂಟೆ. ಶ್ವಾಸಕೋಶಕ್ಕೆ ಏನಾಗುತ್ತದೆ, ಎಚ್ಚರವಾದ ಕೂಡಲೇ ಗಂಟೆಗೊಮ್ಮೆ ಹೇಗೆ ಉಸಿರೆಳೆಯಬೇಕು ಎಂದು ಹೇಳಿ, ಮಾಡಿಸಿ ನೋಡಿದರು. ಅಷ್ಟೇ. ಬರೀ ಪುಸ್ತಿಕೆ ಪಡೆದವರಲ್ಲಿ ಶೇ. 27 ಜನರಿಗೆ ಶ್ವಾಸಕೋಶದ ತೊಂದರೆಯಾದರೆ, ಕಲಿತವರಲ್ಲಿ ಶೇ. 12. ಒಂದು ಮಾತ್ರೆಯಿಂದ ಈ ಫಲ ಸಿಕ್ಕಿದ್ದರೆ ಊರೂರಲ್ಲಿ ಅದರ ಜಾಹೀರಾತು ಇರುತ್ತಿತ್ತು ಅಲ್ವಾ?

ದೊಡ್ಡ ಆಪರೇಷನ್ ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಜನ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗುತ್ತಾರೆ. ಶಿರಸಿಯಿಂದ ಹೋದವರು ಪರೀಕ್ಷೆ ಮುಗಿಸಿ, ತಾರೀಖು ತೆಗೆದುಕೊಂಡು ಮನೆಗೆ ಬಂದು ಕಾಯುತ್ತಾರೆ. ಕಲಿಯುವುದಕ್ಕೆ ಆ ದಿನಗಳೇ ಸರಿ. ನೋವು, ಮಂಪರು ಎರಡೂ ಇರುವಾಗ ಹೊಸ ಪಾಠ ಯಾರ ತಲೆಗೂ ಹೋಗುವುದಿಲ್ಲ.

ಉಸಿರಾಟದ ವ್ಯಾಯಾಮಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮೂರು ಚೆಂಡಿನ ಪ್ಲಾಸ್ಟಿಕ್ ಡಬ್ಬಿಯನ್ನು ನೀವೂ ನೋಡಿರಬಹುದು. ಕೈಗೆ ಕೊಟ್ಟ ತಕ್ಷಣ ಹೆಚ್ಚಿನವರು ಅದನ್ನು ಊದುತ್ತಾರೆ. ಊದುವುದಲ್ಲ, ಎಳೆಯಬೇಕು. ಮುಚ್ಚಿದ ಗಾಳಿಗೂಡು ತೆರೆಯುವುದು ಒಳಗೆ ಎಳೆದ ಉಸಿರಿಗೆ. ಬಲೂನ್ ಊದಿಸುವ ಮನೆಮದ್ದೂ ಅದಕ್ಕೇ ನನಗೆ ಸರಿ ಕಾಣುವುದಿಲ್ಲ. ಡಬ್ಬಿಯಿಂದಲೇ ವಿಶೇಷ ಲಾಭವಿದೆ ಅನ್ನುವುದಕ್ಕೂ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2014ರ ಕಾಕ್ರೇನ್ ವಿಮರ್ಶೆಗೆ ಗಟ್ಟಿ ಪುರಾವೆ ಸಿಗಲಿಲ್ಲ. ದಿಂಬು ಸಾಕು. ಗಾಯದ ಮೇಲೆ ದಿಂಬನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೆಮ್ಮಿದರೆ ನೋವು ಕಡಿಮೆ, ಧೈರ್ಯ ಜಾಸ್ತಿ. ಮಾತಾಡಿಸಲು ಬಂದ ನೆಂಟರು "ಅಜ್ಜಾ, ಕೆಮ್ಮಬೇಡಿ, ಹೊಲಿಗೆ ಬಿಟ್ಟೀತು, ಏಳಬೇಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಪಾಪ. ಡಾಕ್ಟರು ಎದ್ದು ಕೂರಲು, ನಡೆಯಲು ಹೇಳಿದ ಮೇಲೆ ಆ ಮಾತು ಕೇಳಬಾರದು. ಮನೆಯವರಿಗೂ ಮೊದಲೇ ಪಾಠ ಆಗಬೇಕು.

ಇನ್ನು ಬೀಡಿ, ಸಿಗರೇಟು. ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ತೊಂದರೆಗಳು ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಕವಳ (ಎಲೆಅಡಿಕೆ) ಹಾಕುವವರು "ನಂದು ಹೊಗೆ ಅಲ್ಲ" ಎಂದು ಪಾರಾಗುವಂತಿಲ್ಲ. ಬಾಯಿಯ ರೋಗಾಣುಗಳೇ ಶ್ವಾಸಕೋಶಕ್ಕೆ ಇಳಿಯುತ್ತವೆ. ಹಲ್ಲು, ವಸಡು ಚೊಕ್ಕ ಇರಬೇಕು. ವರ್ಷಗಟ್ಟಲೆ ಸೌದೆ ಒಲೆಯ ಮುಂದೆ ಕೂತ ಅಜ್ಜಿಯರು ಬೀಡಿ ಮುಟ್ಟದಿದ್ದರೂ ಆ ಹೊಗೆಯ ವಿಷಯವನ್ನು ಅರಿವಳಿಕೆ ಡಾಕ್ಟರಿಗೆ ಹೇಳಬೇಕು.

ಮಳೆಗಾಲದಲ್ಲಿ ಇನ್ನೊಂದು ಫಜೀತಿ. ತಾರೀಖು ಸಿಕ್ಕಿದೆ, ಗಾಡಿ ಗೊತ್ತಾಗಿದೆ, ಅಷ್ಟರಲ್ಲಿ ಜ್ವರ, ಕಫದ ಕೆಮ್ಮು. ಹೇಳಿದರೆ ಆಪರೇಷನ್ ಮುಂದಕ್ಕೆ ಹೋದೀತು ಎಂದು ಮುಚ್ಚಿಡುವವರಿದ್ದಾರೆ. ಹೊರಡುವ ಮೊದಲೇ ಆಸ್ಪತ್ರೆಗೆ ಫೋನ್ ಮಾಡಿ ಹೇಳಿ. ಸ್ವಲ್ಪ ದಿನ ಕಾಯಬಹುದಾದ ಕಾಯಿಲೆಯಾದರೆ ಅವರೇ ಬೇರೆ ತಾರೀಖು ಕೊಡುತ್ತಾರೆ.