ಮಂಡಿಯೊಳಗಿನ ಸಿಂಬಿ

ಕ್ಲೀನ್ ಮಾಡಿಸುವುದಕ್ಕೆ ಮಂಡಿಯೇನು ಮೋರಿಯಲ್ಲ. ಆದರೂ ಕೀಹೋಲ್ ಸರ್ಜರಿಯ ಮಾತು ಬಂದಾಗಲೆಲ್ಲ ಈ ಪದ ಕಿವಿಗೆ ಬೀಳುತ್ತದೆ. "ಎರಡು ತೂತು ಹಾಕಿ ಒಳಗೆಲ್ಲ ಕ್ಲೀನ್ ಮಾಡಿಬಿಡ್ತಾರಂತೆ, ಸಂಜೆಗೆ ಮನೆಗೆ ಬರಬಹುದಂತೆ." ಸಂಜೆಗೆ ಮನೆಗೆ ಬರುವುದು ಬಹುಪಾಲು ನಿಜ. ತೂತು ಎರಡೇ ಎನ್ನುವುದೂ ಸಾಮಾನ್ಯವಾಗಿ ನಿಜ. ಒಂದೊಂದೂ ಒಂದು ಸೆಂಟಿಮೀಟರ್‌ಗಿಂತ ಚಿಕ್ಕದು. ಸುಳ್ಳು ಅಡಗಿರುವುದು ನಡುವಿನ ಆ ಒಂದು ಪದದಲ್ಲಿ. ಇನ್ನು ಕೆಲವರು ಇದನ್ನು ಲೇಸರ್ ಎಂದೇ ನಂಬಿದ್ದಾರೆ. ಒಳಗೆ ಕೆಲಸ ಮಾಡುವುದು ಪುಟ್ಟ ಕತ್ತರಿ, ಪುಟ್ಟ ಇಕ್ಕಳ, ಗಿರ್ರನೆ ತಿರುಗುವ ಶೇವರ್, ಬೇಕಾದರೆ ಸೂಜಿ ದಾರ.

ಈ ಕತ್ತರಿ, ಸೂಜಿ ಹೆಚ್ಚಾಗಿ ಹುಡುಕಿಕೊಂಡು ಹೋಗುವುದು ಮೆನಿಸ್ಕಸ್ ಎಂಬ ವಸ್ತುವನ್ನು. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಗುಂಡು ಉಬ್ಬುಗಳಿವೆ. ಅವು ಕೂರಬೇಕಾದ ಕಣಕಾಲು ಮೂಳೆಯ ನೆತ್ತಿ ಹೆಚ್ಚುಕಡಿಮೆ ಚಪ್ಪಟೆ. ಗುಂಡುತಳದ ಕೊಡವನ್ನು ಹಲಗೆಯ ಮೇಲಿಟ್ಟರೆ ಏನಾಗುತ್ತದೆ? ಭಾರವೆಲ್ಲ ಒಂದೇ ಚುಕ್ಕೆಯ ಮೇಲೆ, ಕೊಡ ಅತ್ತಿತ್ತ ಹೊರಳಾಟ. ಅದಕ್ಕೇ ಅಲ್ಲವೇ ಕೊಡದಡಿ ಸಿಂಬಿ ಇಡುವುದು? ಮಂಡಿಯ ಸಿಂಬಿಯೇ ಮೆನಿಸ್ಕಸ್. ಒಂದು ಮಂಡಿಗೆ ಎರಡು, ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು. ಪೂರ್ತಿ ಬಳೆಯಲ್ಲ, ಅರ್ಧಚಂದ್ರದ ಹಾಗೆ ಒಂದು ಕಡೆ ಬಾಯಿಬಿಟ್ಟ ಬಳೆ. ಕಾಲು ನೇರವಾಗಿದ್ದಾಗ ಮಂಡಿಯ ಮೇಲಿನ ಭಾರದಲ್ಲಿ ಸುಮಾರು ಅರ್ಧ ಇವುಗಳ ಮೂಲಕವೇ ಇಳಿಯುತ್ತದೆ, ಮಡಿಸಿದಾಗ ಅದಕ್ಕಿಂತ ಹೆಚ್ಚು.

ಸಿಂಬಿಯ ಮಾತು ಇನ್ನೂ ಮುಗಿಯಲಿಲ್ಲ. ಕೊಡದ ಭಾರ ಹೆಚ್ಚಿದಂತೆ ಸಿಂಬಿ ಹೊರಕ್ಕೆ ಹಿಗ್ಗಲು ನೋಡುತ್ತದೆ. ಬಟ್ಟೆಯ ಸುತ್ತು ಬಿಗಿಯಾಗಿದ್ದರೆ ತಡೆಯುತ್ತದೆ, ಸಡಿಲವಾಗಿದ್ದರೆ ಬಿಚ್ಚಿಕೊಂಡು ಕೊಡ ನೆತ್ತಿಗೇ ತಾಗುತ್ತದೆ. ಮೆನಿಸ್ಕಸ್‌ನ ಕೊಲಾಜನ್ ನಾರುಗಳೂ ಹೆಚ್ಚಿನವು ಅದರ ಬಾಗಿನ ಉದ್ದಕ್ಕೇ ಓಡುತ್ತವೆ, ಎರಡು ತುದಿಗಳೂ ಮೂಳೆಗೆ ಬೇರುಬಿಟ್ಟಿವೆ. ಗಾಡಿಯ ಚಕ್ರಕ್ಕೆ ಹೊಡೆದ ಕಬ್ಬಿಣದ ಪಟ್ಟಿ ಮರದ ತುಂಡುಗಳು ಸಿಡಿದುಹೋಗದಂತೆ ಹಿಡಿದಿಡುತ್ತದಲ್ಲ, ಅದೇ ಕೆಲಸ. ಪೀಪಾಯಿಯ ಪಟ್ಟಿಯದ್ದೂ ಅದೇ. ಮೇಲಿಂದ ಒತ್ತುವ ಭಾರ ಇಲ್ಲಿ ಸುತ್ತಲೂ ಎಳೆಯುವ ಬಿಗಿತವಾಗಿ ಬದಲಾಗಿಬಿಡುತ್ತದೆ. ಆದ್ದರಿಂದ ಎಷ್ಟು ಹರಿದಿದೆ ಎನ್ನುವುದಕ್ಕಿಂತ ಹೇಗೆ ಹರಿದಿದೆ ಎಂದು ಕೇಳಬೇಕು. ನಾರಿನ ಉದ್ದಕ್ಕೆ ಸೀಳಿದರೆ ಪಟ್ಟಿ ಇನ್ನೂ ಪಟ್ಟಿಯೇ. ಅಡ್ಡಕ್ಕೆ ಹೊರ ಅಂಚಿನವರೆಗೂ ಸೀಳಿದರೆ, ಅಥವಾ ಬೇರೇ ಕಿತ್ತುಬಂದರೆ, ಇಡೀ ಮೆನಿಸ್ಕಸ್ ಇದ್ದೂ ಇಲ್ಲದ ಹಾಗೆ.

ಇಷ್ಟು ಸೊಗಸಾದ ವಸ್ತುವನ್ನು ಲಂಡನ್ನಿನ ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ 1897ರಲ್ಲಿ ಕಾಲಿನ ಯಾವುದೋ ಸ್ನಾಯುವಿನ ಕೆಲಸಕ್ಕೆ ಬಾರದ ಅವಶೇಷ ಎಂದು ಬರೆದರು. ಅದಕ್ಕೂ ಮೊದಲೇ, 1883ರಲ್ಲಿ, ಎಡಿನ್‌ಬರೋದ ಥಾಮಸ್ ಅನ್ನಂಡೇಲ್ ಹರಿದ ಮೆನಿಸ್ಕಸ್‌ಗೆ ಹೊಲಿಗೆ ಹಾಕಿ ತೋರಿಸಿದ್ದರು. ಗೆದ್ದದ್ದು ಮಾತ್ರ ಬ್ಲಾಂಡ್-ಸಟನ್ ಮಾತು. ದಶಕಗಳ ಕಾಲ ಮಂಡಿಯನ್ನು ಅಗಲವಾಗಿ ಕೊಯ್ದು ಇಡೀ ಮೆನಿಸ್ಕಸ್ಸನ್ನೇ ಕಿತ್ತೆಸೆದರು. ಹಾಗೆ ತೆಗೆಸಿಕೊಂಡವರ ಎಕ್ಸ್‌ರೇಗಳಲ್ಲಿ ಮೂಳೆ ಚಪ್ಪಟೆಯಾಗುವುದು, ಕೀಲಿನ ಅಂತರ ಕಿರಿದಾಗುವುದು ಕಾಣುತ್ತದೆಂದು ಬ್ರಿಟನ್ನಿನ ಶಸ್ತ್ರವೈದ್ಯ ಫೇರ್‌ಬ್ಯಾಂಕ್ ಬರೆದದ್ದು 1948ರಲ್ಲಿ. ಸಿಂಬಿ ತೆಗೆದರೆ ನೆತ್ತಿ ನೋಯುತ್ತದೆ ಎನ್ನುವುದು ನೀರು ಹೊತ್ತವರಿಗೆಲ್ಲ ಗೊತ್ತಿತ್ತು!

ಕೊಯ್ಯದೆ ಒಳಗೆ ಇಣುಕುವ ಹುಚ್ಚು ಹತ್ತಿದ್ದು ಟೋಕಿಯೋದಲ್ಲಿ. ಕ್ಷಯ ತಗುಲಿದ ಮಂಡಿ ಕೊನೆಗೆ ಸೆಟೆದುಕೊಳ್ಳುತ್ತಿತ್ತು, ನೆಲದ ಮೇಲೆ ಮಂಡಿಯೂರಿ ಕೂರುವ ಜಪಾನೀಯರಿಗೆ ಅದು ದೊಡ್ಡ ಸಂಕಟ. ರೋಗವನ್ನು ಬೇಗ ಪತ್ತೆ ಹಚ್ಚಬೇಕೆಂದು ವೈದ್ಯ ಕೆಂಜಿ ತಕಾಗಿ 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನೇ ಶವದ ಮಂಡಿಯೊಳಗೆ ತೂರಿಸಿದರು. ಮಂಡಿಗೆಂದೇ ಅವರು ಮಾಡಿಸಿದ ಮೊದಲ ಕೊಳವೆ 7.3 ಮಿಲಿಮೀಟರ್ ದಪ್ಪ, ಬಳಕೆಗೆ ಒಗ್ಗಲಿಲ್ಲ. ಶಿಷ್ಯ ಮಸಾಕಿ ವತನಾಬೆ ಹಟ ಬಿಡಲಿಲ್ಲ. ಒಂದಾದ ಮೇಲೊಂದು ಮಾದರಿ ಮಾಡಿಸುತ್ತ ಹೋದರು. ಹೆಸರಾದದ್ದು 21ನೆಯದು, ಅದರ ತುದಿಯಲ್ಲೊಂದು ಪುಟಾಣಿ ಬಲ್ಬು ಉರಿಯುತ್ತಿತ್ತು. ಮಂಡಿಯೊಳಗೇ ಒಡೆದುಹೋಗಬಹುದಾದ ಗಾಜಿನ ಬಲ್ಬು! 1962ರಲ್ಲಿ ವತನಾಬೆ, ಬಾಸ್ಕೆಟ್‌ಬಾಲ್ ಆಡುತ್ತ ಮಂಡಿ ತಿರುಚಿಕೊಂಡಿದ್ದ 17ರ ಹುಡುಗನೊಬ್ಬನ ಮೆನಿಸ್ಕಸ್‌ನಲ್ಲಿ ಹರಿದ ತುಣುಕನ್ನಷ್ಟೇ ಕೊಳವೆಯಲ್ಲಿ ನೋಡುತ್ತ ಕತ್ತರಿಸಿ ತೆಗೆದರು. ಎರಡು ವರ್ಷದ ನಂತರ ಟೋಕಿಯೋಗೆ ಬಂದ ಕೆನಡಾದ ವೈದ್ಯ ರಾಬರ್ಟ್ ಜಾಕ್ಸನ್, ವತನಾಬೆಯವರಿಂದ ಈ ವಿದ್ಯೆ ಕಲಿತು ಉತ್ತರ ಅಮೆರಿಕಕ್ಕೆ ಒಯ್ದರು.

ಈಗಿನ ಕೊಳವೆ ಸುಮಾರು 4 ಮಿಲಿಮೀಟರ್. ಬೆಳಕು ಆಪ್ಟಿಕಲ್ ಫೈಬರ್‌ನಲ್ಲಿ ಹರಿದುಬರುತ್ತದೆ, ಒಡೆಯಲು ಬಲ್ಬಿಲ್ಲ. ತುದಿಯ ಗಾಜು ಸಾಮಾನ್ಯವಾಗಿ 30 ಡಿಗ್ರಿ ಓರೆ, ಹಾಗಾಗಿ ಕೊಳವೆಯನ್ನು ಇದ್ದಲ್ಲೇ ತಿರುಗಿಸಿದರೂ ಮೂಲೆಮೂಲೆ ಕಾಣುತ್ತದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ ಪೂರ್ತಿ ಅರಿವಳಿಕೆ ಕೊಟ್ಟೋ ಕೆಲಸ ಶುರು ಮಾಡುತ್ತಾರೆ. ಮಂಡಿಗೆ ಸಲೈನ್ ಹರಿಸಿ ಉಬ್ಬಿಸುತ್ತಾರೆ, ಇಲ್ಲದಿದ್ದರೆ ಒಳಗೆ ಜಾಗವೇ ಇರುವುದಿಲ್ಲ. ಬೆನ್ನಿಗೆ ಇಂಜೆಕ್ಷನ್ ಪಡೆದವರು ಬಯಸಿದರೆ ಕೆಲವು ಕಡೆ ತಮ್ಮದೇ ಮಂಡಿಯ ನೇರಪ್ರಸಾರ ನೋಡಬಹುದು. ಬಿಳಿಯ ಮೃದ್ವಸ್ಥಿ, ನೀರಿನಲ್ಲಿ ತೇಲಾಡುವ ಎಳೆಗಳು. ಸಮುದ್ರದ ತಳದ ಚಿತ್ರದ ಹಾಗಿರುತ್ತದೆ.

ಮುಂಚೆಯೇ ತಿಳಿದಿರಬೇಕಾದ ಸಂಗತಿ ಇಲ್ಲೇ ಇದೆ. ಕತ್ತರಿಸುವುದೋ ಹೊಲಿಯುವುದೋ ಎಂಬ ತೀರ್ಮಾನ ಎಷ್ಟೋ ಸಲ ಒಳಗೆ ಹೋಗಿ ನೋಡಿದ ಮೇಲೆಯೇ ಆಗುತ್ತದೆ. ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ ರಕ್ತನಾಳಗಳಿವೆ, ಒಳ ಅಂಚಿಗೆ ಇಲ್ಲ. ರಕ್ತ ಮುಟ್ಟುವ ಕಡೆ ಹರಿದಿದ್ದರೆ ಹೊಲಿದರೆ ಕೂಡುತ್ತದೆ. ಮುಟ್ಟದ ಕಡೆ ಹೊಲಿಗೆ ಕೂಡುವ ಭರವಸೆ ಕಡಿಮೆ, ಅಲ್ಲಿ ಹರಕು ಅಂಚನ್ನು ಕತ್ತರಿಸಿ ಸವರುವುದೇ ಹೆಚ್ಚು. ಸವರಿಸಿಕೊಂಡವರು ಅಂದೇ ಊರುಗೋಲು ಹಿಡಿದು ಕಾಲೂರಿ ನಡೆಯುತ್ತಾರೆ. ಹೊಲಿಸಿಕೊಂಡವರಿಗೆ ಸುಮಾರು ಆರು ವಾರ ಮಂಡಿ ಮಡಿಸುವುದಕ್ಕೆ, ಭಾರ ಬಿಡುವುದಕ್ಕೆ ಮಿತಿ. ಹೊರಗಿನ ಗಾಯ ಇಬ್ಬರಿಗೂ ಒಂದೇ! ಅಕ್ಕಪಕ್ಕದ ಮಂಚದವರು ನಡೆದಾಡುತ್ತಿದ್ದಾರೆ, ನನಗೇಕೆ ಬಿಡುತ್ತಿಲ್ಲ ಎಂಬ ದೂರಿಗೆ ಉತ್ತರ ಇದು. ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟ್ ಹರಿದು ಅದರ ಬದಲಿಗೆ ಹೊಸ ಸ್ನಾಯುರಜ್ಜು ಕೂರಿಸಿಕೊಂಡವರು ಆಟದ ಮೈದಾನಕ್ಕೆ ಮರಳುವ ಲೆಕ್ಕವನ್ನು ವಾರಗಳಲ್ಲಲ್ಲ, ತಿಂಗಳುಗಳಲ್ಲಿ ಹಾಕಬೇಕು.

ಈಗ ಆ ಕ್ಲೀನಿಂಗ್ ವಿಚಾರ. ವಯಸ್ಸಿನ ಜೊತೆ ಸವೆದ ಮಂಡಿಯನ್ನು ತೊಳೆದು ಸವರಿದರೆ ನೋವು ಹೋಗುತ್ತದೆಂದು ವೈದ್ಯರೂ ಬಹುಕಾಲ ನಂಬಿದ್ದರು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರೂಸ್ ಮೋಸ್ಲಿ ಮತ್ತು ಸಂಗಡಿಗರು 180 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ತೊಳೆದರು, ಒಂದಕ್ಕೆ ಸವರಿದರು, ಇನ್ನೊಂದಕ್ಕೆ ಬರೀ ಚರ್ಮ ಕೊಯ್ದು ಹೊಲಿದರು. ಈ ಮೂರನೆಯ ಗುಂಪಿನವರಿಗೆ ಅನುಮಾನ ಬರದಿರಲೆಂದು ನೀರು ಚಿಮುಕಿಸಿ ತೊಳೆಯುವ ಸದ್ದನ್ನೂ ಮಾಡಿದರಂತೆ! 2002ರಲ್ಲಿ ಫಲಿತಾಂಶ ಬಂತು. ಎರಡು ವರ್ಷದುದ್ದಕ್ಕೂ ನಿಜ ಸರ್ಜರಿಯವರು ನಾಟಕದ ಸರ್ಜರಿಯವರಿಗಿಂತ ಒಂದಿಷ್ಟೂ ಮೇಲಾಗಿರಲಿಲ್ಲ. ಸವೆತದಿಂದ ಹರಿದ ಮೆನಿಸ್ಕಸ್ ಸವರುವುದನ್ನೂ ಫಿನ್ಲೆಂಡಿನವರು 146 ಜನರಲ್ಲಿ ಹೀಗೇ ಒರೆಗೆ ಹಚ್ಚಿದರು. 2013ರಲ್ಲಿ ಅವರಿಗೆ ಸಿಕ್ಕಿದ್ದೂ ಅದೇ ಉತ್ತರ. ಇನ್ನೊಂದು ಅಧ್ಯಯನದಲ್ಲಿ 50 ದಾಟಿದ ಸಾಮಾನ್ಯ ಜನರ ಎಂಆರ್‌ಐ ತೆಗೆದಾಗ ಮೂವರಲ್ಲೊಬ್ಬರಿಗೆ ಮೆನಿಸ್ಕಸ್ ಹರಿದಿತ್ತು, ಅವರಲ್ಲಿ ಹೆಚ್ಚಿನವರಿಗೆ ಹಿಂದಿನ ತಿಂಗಳು ಮಂಡಿನೋವೇ ಇರಲಿಲ್ಲ. ವರದಿಯಲ್ಲಿ ಹರಿದಿದೆ ಎಂದ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎನ್ನುವುದು ಶಕುನ ನೋಡಿದಷ್ಟೇ ಶಾಸ್ತ್ರೀಯ. ಪೆಟ್ಟು ಬಿದ್ದು ಮಂಡಿ ಬೀಗ ಹಾಕಿದಂತೆ ಸಿಕ್ಕಿಕೊಂಡಿದ್ದರೆ, ಮೃದ್ವಸ್ಥಿಯ ಚೂರು ಕಳಚಿ ಒಳಗೆ ಓಡಾಡುತ್ತಿದ್ದರೆ ಮಾತು ಬೇರೆ. ಅಂಥವರಿಗೆ ಈ ಸರ್ಜರಿ ವರವೇ ಸರಿ.

ಮಾಡಿಸಿಕೊಂಡ ಮೇಲೆ ಮೊದಲ ದಿನಗಳಲ್ಲಿ ಮಂಡಿ ಊದಿರುತ್ತದೆ. ಉಳಿದ ಸಲೈನ್ ಒಳಗೆ ಕುಳುಕುಳು ಎನ್ನಬಹುದು, ಪಟ್ಟಿಯಲ್ಲಿ ತಿಳಿಗೆಂಪು ನೀರು ಜಿನುಗಬಹುದು. ತೂತಿನ ಪಕ್ಕ ಅಂಗೈಗಿಂತ ಚಿಕ್ಕ ಜಾಗ ಜೋಮು ಹಿಡಿದಂತಿರಬಹುದು. ಇವಕ್ಕೆ ಹೆದರಬೇಕಿಲ್ಲ. ಜ್ವರ, ದಿನದಿನಕ್ಕೆ ಏರುವ ಕೆಂಪು, ಕೀವು, ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರಾಟಕ್ಕೆ ಕಷ್ಟ ಕಂಡರೆ ಮಾತ್ರ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗುವುದು ಅಪರೂಪ, ಆದರೆ ಹೋದರೆ ಜೀವಕ್ಕೇ ಸಂಚಕಾರ.

ಹೆಚ್ಚಿನವರನ್ನು ಗಾಬರಿಪಡಿಸುವುದು ಬೇರೆಯೇ ಒಂದು. ಕಾಲೆತ್ತು ಎಂದರೆ ತೊಡೆ ಮಾತೇ ಕೇಳುವುದಿಲ್ಲ. ತೊಡೆಗೆ ಯಾರೂ ಕೈಹಚ್ಚಿಲ್ಲವಲ್ಲ! ಊದಿದ ಕೀಲು ಬೆನ್ನುಹುರಿಗೆ ಸುದ್ದಿ ಕಳಿಸುತ್ತದೆ, ಬೆನ್ನುಹುರಿ ತೊಡೆಯ ಮುಂಭಾಗದ ಸ್ನಾಯುವಿಗೆ ಸುಮ್ಮನಿರು ಎನ್ನುತ್ತದೆ. ಆರೋಗ್ಯವಾಗಿರುವವರ ಮಂಡಿಗೆ ಬರೀ ಉಪ್ಪುನೀರು ತುಂಬಿಸಿದ ಪ್ರಯೋಗಗಳಲ್ಲೂ ಇದೇ ಆಗಿದೆ. ಗಾಯವಿಲ್ಲ, ನೋವಿಲ್ಲ, ಆದರೂ ಸ್ನಾಯು ಸೋತಿತು. ಅದಕ್ಕೇ ಐಸ್ ಇಟ್ಟು, ಕಾಲೆತ್ತಿ ಮಲಗಿ ಊತ ಇಳಿಸುವುದು ಬರೀ ನೋವಿನ ಉಪಚಾರವಲ್ಲ. ಫಿಸಿಯೋಥೆರಪಿಸ್ಟ್ ಮೊದಲ ದಿನ ಹೇಳಿಕೊಡುವ ವ್ಯಾಯಾಮ ನೋಡುವುದಕ್ಕೆ ತೀರಾ ಬಡಪಾಯಿ. ಮಂಡಿಯಡಿ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಅದುಮಿ, ಐದು ಎಣಿಸಿ ಬಿಡುವುದು. ತೊಡೆಯ ಮೇಲೆ ಕೈಯಿಟ್ಟುಕೊಂಡೇ ಮಾಡಿ. ಮೊದಲು ಏನೂ ಬಿಗಿಯದು. ಇಪ್ಪತ್ತನೆಯ ಸಲವೋ ಮಾರನೆಯ ದಿನವೋ ಅಂಗೈಯಡಿ ಸಣ್ಣಗೆ ಒಂದು ಅಲುಗಾಟ ಗೊತ್ತಾಗುತ್ತದೆ, ಮಂಡಿಚಿಪ್ಪು ಕೂದಲೆಳೆಯಷ್ಟು ಮೇಲಕ್ಕೆ ಸರಿಯುತ್ತದೆ.